ಮವಾತ್ತೆ ಅಂದಾಗ ನನ್ನೆದುರು ಗೋಡೆ

"ಮವಾತ್ತೆ" ಅಂದರು ಪರೀಕ್ಷಕರು. ಹಿಂದಕ್ಕೆ ತಿರುಗಿ ಅಂತ ಅರ್ಥ. ನಾವು ಹನ್ನೆರಡು ಮಂದಿ ಹೆಂಗಸರು ಒಟ್ಟಿಗೆ ತಿರುಗಿದೆವು.

ತಿರುಗಿ ನೋಡುತ್ತೇನೆ... ಎದುರಿಗೆ ಗೋಡೆ. ಕೊನೆಯಲ್ಲಿ ಒಬ್ಬಳೇ ನಿಂತಿದ್ದ ನಾನು ಈಗ ಎಲ್ಲರಿಗಿಂತ ಮುಂದೆ.

ನನ್ನ ಕರಾಟೆಯ ಗುಟ್ಟು ಹೊರಬೀಳುವ ಹೊತ್ತು ಬಂದಿತ್ತು.

ಪುತ್ತೂರಿನ ದರ್ಬೆಯಲ್ಲಿ ನನ್ನದೊಂದು ಸಣ್ಣ ಟೈಲರ್ ಅಂಗಡಿ. ಅದರ ಮೇಲಿನ ಹಾಲ್‌ನಲ್ಲಿ ವಾರಕ್ಕೆ ಮೂರು ದಿನ ಬೆಳಿಗ್ಗೆ ಕರಾಟೆಯ ಲೇಡೀಸ್ ಬ್ಯಾಚ್. ಕಳೆದ ವರ್ಷ ಹನ್ನೊಂದು ಮಂದಿಯ ಡ್ರೆಸ್ಸಿಗೆ ಅಳತೆ ತೆಗೆಯಲು ಮೆಟ್ಟಿಲು ಹತ್ತಿದವಳು, ಹನ್ನೆರಡನೆಯದನ್ನು ನನಗೇ ಹೊಲಿದುಕೊಂಡೆ. ವಯಸ್ಸು ನಲವತ್ತನಾಲ್ಕು.

ಕೈಕಾಲು ಹೇಗೋ ಬಗ್ಗಿತು. ಬಗ್ಗದೇ ಇದ್ದದ್ದು ಆ ಜಪಾನೀ ಶಬ್ದಗಳು. ಹೊಡೆಯುವುದಕ್ಕೊಂದು, ತಡೆಯುವುದಕ್ಕೊಂದು, ಒದೆಯುವುದಕ್ಕೊಂದು, ಸುಮ್ಮನೆ ನಿಲ್ಲುವುದಕ್ಕೂ ಒಂದು.

"ಸರ್, ಇದನ್ನೆಲ್ಲ ಕನ್ನಡದಲ್ಲಿ ಹೇಳಿದ್ರೆ ಆಗುದಿಲ್ವಾ?" ಅಂತ ಒಮ್ಮೆ ಕಲಿಸುವ ಸರ್ ಹತ್ತಿರ ಕೇಳಿದೆ.

"ಎಲ್ಲಿ ಹೋದ್ರೂ ಇದೇ ಶಬ್ದ ಅಕ್ಕ. ನಾಳೆ ನೀವು ಜಪಾನಿಗೆ ಹೋದ್ರೆ ಎಂತ ಮಾಡುದು?" ಅಂದರು ಸರ್.

ಮಂಗಳೂರಿಗೆ ಬಟ್ಟೆ ತರಲು ಹೋಗಬೇಕಾದರೂ ಜೊತೆಗೆ ಜನ ಹುಡುಕುವವಳು ನಾನು.

ಹಾಗಾಗಿ ನನಗೆ ಗೊತ್ತಿರುವ ದಾರಿಯನ್ನೇ ಹಿಡಿದೆ. ಎದುರಿನವರು ಮಾಡಿದ್ದನ್ನು ನೋಡಿ ಮಾಡುವುದು. ಹೊಲಿಗೆ ಕಲಿತದ್ದೂ ಪಕ್ಕದ ಮೆಷಿನಿನ ಅಕ್ಕನನ್ನು ನೋಡಿಯೇ. ಗೆಳತಿಯ ಮಗಳ ಮದುವೆಗೆಂದು ಕಡಬದ ಚರ್ಚಿಗೆ ಹೋದಾಗಲೂ ಮುಂದಿನ ಬೆಂಚಿನವರು ಎದ್ದಾಗ ಎದ್ದೆ, ಕೂತಾಗ ಕೂತೆ, ಒಂದು ತಪ್ಪೂ ಆಗಲಿಲ್ಲ.

ಕರಾಟೆಯಲ್ಲಿ ನಮಗೆಲ್ಲ ಮುಂದಿನ ಬೆಂಚು ಅಂದರೆ ಲೀಲಕ್ಕ. ಕೊಲ್ಲಮೊಗ್ರಿನವರು, ನಿವೃತ್ತ ಅಂಗನವಾಡಿ ಟೀಚರ್, ಈಗ ಪುತ್ತೂರಿನಲ್ಲಿ ಮಗಳ ಮನೆಯಲ್ಲಿ ಇದ್ದಾರೆ. ಮೊದಲ ಸಾಲಿನಲ್ಲಿ ನಿಂತು, ಸರ್ ಬಾಯಿ ಮುಚ್ಚುವ ಮೊದಲೇ ಕೈ ಎತ್ತುತ್ತಾರೆ. ಎರಡನೇ ಸಾಲು ಅವರನ್ನು ನೋಡುತ್ತದೆ, ಮೂರನೇ ಸಾಲು ಎರಡನೆಯದನ್ನು, ಕೊನೆಗೆ ನಾನು.

ಕ್ಲಾಸಿನಲ್ಲಿ ತಿರುಗಿದರೂ ತೊಂದರೆ ಇರಲಿಲ್ಲ. ಸರ್ ಓಡಿ ಬಂದು ನನ್ನ ಎದುರಿಗೆ ನಿಂತು ತಾವೇ ಮಾಡಿ ತೋರಿಸುತ್ತಿದ್ದರು. ಪಾಪ, ಅಷ್ಟು ಒಳ್ಳೆಯವರು.

ಈ ಪರೀಕ್ಷೆ ಪಾಸಾದರೆ ಸಿಗುವ ಹಳದಿ ಬೆಲ್ಟ್ ನನಗೆ ಬೇಕೇ ಬೇಕಿತ್ತು. ಯಾಕೆಂದು ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿ ಫೇಲಾದ ಮೇಲೆ ನಾನು ಕೂತ ಮೊದಲ ಪರೀಕ್ಷೆ ಇದು. ಬದುಕಿನಲ್ಲಿ ಒಂದು ಕಾಗದದ ಮೇಲಾದರೂ ನನ್ನ ಹೆಸರಿನ ಮುಂದೆ ಪಾಸ್ ಅಂತ ಇರಬೇಕು ಅನ್ನುವ ಆಸೆ. ಇದನ್ನು ಗಂಡನಿಗೂ ಹೇಳಿರಲಿಲ್ಲ. ಅವರು "ಬೆಲ್ಟ್ ಬಂದ ಮೇಲೆ ನನ್ನ ಮೇಲೆ ಪ್ರಾಕ್ಟೀಸ್ ಮಾಡ್ಬೇಡ ಮಾರಾಯ್ತಿ" ಅಂತ ನಗುತ್ತಿದ್ದರು.

ಪರೀಕ್ಷಕರು ಹೊರಗಿನಿಂದ ಬಂದವರು. ಕೈಕಟ್ಟಿ ಕುರ್ಚಿಯಲ್ಲಿ ಕೂತು ಶಬ್ದ ಮಾತ್ರ ಹೇಳುತ್ತಾರೆ, ಏನೂ ತೋರಿಸುವುದಿಲ್ಲ. ನಮ್ಮ ಸರ್ ಅವರ ಪಕ್ಕದಲ್ಲಿ ನಿಂತಿದ್ದರು. ಮೊದಲರ್ಧ ಎಷ್ಟು ಚಂದ ಹೋಯಿತೆಂದರೆ ಪರೀಕ್ಷಕರು ತಲೆಯಾಡಿಸಿದರು.

ಆಮೇಲೆ ಆ ಮವಾತ್ತೆ.

"ಆಗೆ ಉಕೆ" ಅಂದರು. ಕೇಳಿದ್ದೇನೆ, ನೂರು ಸಲ ಕೇಳಿದ್ದೇನೆ. ಆದರೆ ಅದು ಕೈಯದ್ದೋ ಕಾಲಿನದ್ದೋ...

ಸುಮ್ಮನೆ ನಿಂತರೆ ಮರ್ಯಾದೆ ಹೋಗುತ್ತದೆ. ದೇವರ ಮೇಲೆ ಭಾರ ಹಾಕಿ ಒಂದು ಒದೆತ ಒದ್ದೆ.

ಹಿಂದಿನಿಂದ ಧಡ್ ಅಂತ ಶಬ್ದ. ಹನ್ನೊಂದು ಕಾಲುಗಳು ಒಟ್ಟಿಗೆ ನೆಲಕ್ಕೆ ಇಳಿದ ಶಬ್ದ.

ಅಯ್ಯೋ, ಇವರೆಲ್ಲ ನನ್ನನ್ನು ನೋಡುತ್ತಿದ್ದಾರೆ.

ಮತ್ತೊಂದು ಶಬ್ದ ಬಂತು. ನಾನು ಗುದ್ದಿದೆ, ಹನ್ನೊಂದು ಮಂದಿ ಗುದ್ದಿದರು. ಮೂರನೆಯದಕ್ಕೆ ಪುನಃ ಒದ್ದೆ, ಎಲ್ಲರೂ ಒದ್ದರು. ಇಡೀ ವರ್ಷದಲ್ಲಿ ನಮ್ಮ ತಾಳ ಅಷ್ಟು ಕೂಡಿದ್ದೇ ಇಲ್ಲ.

ನಿಲ್ಲಿಸಿ, ನಮ್ಮನ್ನು ತಮ್ಮ ಕಡೆ ತಿರುಗಿಸಿದರು. "ಆಗೆ ಉಕೆ ಅಂದ್ರೆ ಕೈ ಎತ್ತಿ ತಡೆಯುದು. ಇಷ್ಟು ಒಗ್ಗಟ್ಟಿನಲ್ಲಿ ತಪ್ಪು ಮಾಡಿದವರನ್ನು ನಾನು ಈವರೆಗೆ ನೋಡ್ಲಿಲ್ಲ" ಅಂದರು ಪರೀಕ್ಷಕರು. ನಗಲಿಲ್ಲ.

ನಾನು ಫೇಲಾಗುವುದು ಹೊಸತಲ್ಲ. ಆದರೆ ನನ್ನಿಂದ ಉಳಿದವರೂ ಫೇಲಾಗುತ್ತಾರಲ್ಲ.

ಮುಂದೆ ಬಂದು ಹೇಳಿಬಿಟ್ಟೆ. "ತಪ್ಪು ನನ್ನದು ಸರ್. ನನಗೆ ಶಬ್ದ ಬರುದಿಲ್ಲ, ಎದುರಿನವರನ್ನು ನೋಡಿ ಮಾಡುದು. ಇವರು ನನ್ನನ್ನು ನೋಡಿ ಮಾಡಿದ್ದಷ್ಟೆ."

"ಹಾಗಾದ್ರೆ ಶಬ್ದ ಸರಿಯಾಗಿ ಗೊತ್ತಿರುವವರು ಯಾರು?" ಅಂದರು ಪರೀಕ್ಷಕರು.

ಎಲ್ಲರೂ ಲೀಲಕ್ಕನ ಕಡೆ ನೋಡಿದೆವು.

ಲೀಲಕ್ಕ ಬೆಲ್ಟಿನ ತುದಿ ತಿರುವುತ್ತಾ ಮೆಲ್ಲಗೆ ಅಂದರು. "ನಾನು ಸರ್ ಅವರ ಕೈ ನೋಡುದು."

ಆಗಲೇ ತಿಳಿದದ್ದು. ನಮ್ಮ ಸರ್‌ಗೆ ಶಬ್ದ ಕೇಳಿದರೆ ಸಾಕು, ಪಕ್ಕದಲ್ಲಿ ನಿಂತಲ್ಲೇ ಕೈ ಅಲ್ಲಾಡುತ್ತದೆ. ಮೊದಲರ್ಧ ನಾವೆಲ್ಲ ಪಾಸಾದದ್ದು ಆ ಕೈಯಿಂದ. ಪರೀಕ್ಷಕರು ಸರ್ ಮುಖ ನೋಡಿದರು, ಸರ್ ಕಿಟಕಿ ನೋಡಿದರು.

ಹನ್ನೆರಡು ಮಂದಿಯೂ ಫೇಲ್. ಮುಂದಿನ ತಿಂಗಳು ಮರುಪರೀಕ್ಷೆ, ಒಬ್ಬೊಬ್ಬರಾಗಿ, ಗೋಡೆಗೆ ಮುಖ ಮಾಡಿ. ಸರ್ ಆ ದಿನ ಹಾಲ್‌ನ ಹೊರಗೆ ಇರಬೇಕಂತೆ.

ಕೆಳಗೆ ಇಳಿದು ಸೀದಾ ಹೋಟೆಲಿಗೆ ಹೋದೆವು. ಬನ್ಸ್ ತಿನ್ನುತ್ತಾ ಲೀಲಕ್ಕ ನನ್ನ ಒದೆತವನ್ನು ಕೂತಲ್ಲೇ ಮಾಡಿ ತೋರಿಸಿದರು, ಟೇಬಲ್ಲಿನ ಚಹಾ ಚೆಲ್ಲಿತು. ನಕ್ಕು ನಕ್ಕು ನನಗೆ ಕಣ್ಣಲ್ಲಿ ನೀರು.

ಎಸ್ಸೆಸ್ಸೆಲ್ಸಿ ಫೇಲಾದಾಗ ಎರಡು ದಿನ ಕೋಣೆಯಿಂದ ಹೊರಗೆ ಬಂದಿರಲಿಲ್ಲ. ಯಾರಿಗೂ ಮುಖ ತೋರಿಸಲು ಆಗಲಿಲ್ಲ.

ಫೇಲಾದ ಮೇಲೆ ಹೀಗೆ ಬನ್ಸ್ ತಿನ್ನಲೂಬಹುದು ಅಂತ ಆವತ್ತು ನನಗೆ ಒಬ್ಬರಾದರೂ ಯಾಕೆ ಹೇಳಲಿಲ್ಲ?