ನಸೀಮಾಬಿಯ ಪಂಜಾ, ಸಿದ್ದೂನ ಕಿವಿ

ಹತ್ತು ತಿಂಗಳ ಸಿದ್ದೂಗೆ ಕಿವಿ ಕೇಳಿಸುತ್ತದೋ ಇಲ್ಲವೋ ಎಂಬ ಚಿಂತೆ ಮಹಾನಂದಾಳನ್ನು ಹದಿನೈದು ದಿನದಿಂದ ಕೊರೆಯುತ್ತಿತ್ತು. ಹುಬ್ಬಳ್ಳಿಯಲ್ಲಿ ಓದಿ ನವಲಗುಂದಕ್ಕೆ ಸೊಸೆಯಾಗಿ ಬಂದವಳು. ಕೂಸಿನ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದಳು, ತಾಟು ಬಡಿದಳು. ಒಮ್ಮೆ ತಿರುಗಿತು, ಒಮ್ಮೆ ಇಲ್ಲ. ಕಿವಿ ಡಾಕ್ಟರ ನಂಬರು ಫೋನಿನಲ್ಲಿತ್ತು. ಹಚ್ಚಲು ಧೈರ್ಯವಿರಲಿಲ್ಲ.

"ಹುಚ್ಚಿ ಅದಿ ನೀ," ಎಂದರು ಅತ್ತೆ ರೇವವ್ವ. "ನಸೀಮಾಬಿ ಪಂಜಾ ಬಡದ್ರ ಹೆಂಗ ತಿರಗ್ತಾನ, ನೋಡಿಲ್ಲೇನ?"

ಅದು ಖರೇನೇ. ಬಾಜೂ ಮನೆಯ ನಸೀಮಾಬಿ ನಲವತ್ತು ವರ್ಷದಿಂದ ಜಮಖಾನೆ ನೇಯುವಾಕೆ. ನೂಲಿನ ಸಾಲುಗಳನ್ನು ಕಬ್ಬಿಣದ ಹಣಿಗೆಯಂಥ ಪಂಜಾದಿಂದ ಬಡಿದು ಬಡಿದು ಕೂಡಿಸುವಳು. ಬೆರಳ ತುದಿಗಳು ಎಷ್ಟು ಗಟ್ಟಿಯಾಗಿದ್ದವೆಂದರೆ ಮಗಳು ನಿಲೋಫರ್ ಕೊಡಿಸಿದ ಫೋನು ಅವಕ್ಕೆ ಓಗೊಡುತ್ತಲೇ ಇರಲಿಲ್ಲ. "ಈ ಗಾಜಿಗೆ ನನ್ನ ಬಟ್ಟಂದ್ರ ಕಟಗಿ ಇದ್ದಂಗ," ಎಂದು ನಕ್ಕು, ಬೆರಳ ಗೆಣ್ಣಿನಿಂದ ತಟ್ಟುವಳು, ಮೈಕಿನ ಗುರುತು ಮೂಡಿದರೆ "ನಿಲೋಫರ್‌ಗೆ ಹಚ್ಚು!" ಎಂದು ಫೋನನ್ನೇ ಗದರುವಳು.

ಆ ಮಧ್ಯಾಹ್ನ ಸಿದ್ದೂ ನಸೀಮಾಬಿಯ ಮಗ್ಗದ ಮುಂದಿನ ಹಲಗೆಯ ಮೇಲೆ ಆಕೆಯ ಪಕ್ಕ ಕೂತಿದ್ದ. ಪಂಜಾದ ಏಟು ಬಿತ್ತು, ತಿರುಗಿ ನಕ್ಕ. ಮಹಾನಂದಾ ಹಿಗ್ಗಿ ಎತ್ತಿಕೊಂಡಳು. ಪಂಜಾ ಮತ್ತೆ ಬಿತ್ತು. ಸಿದ್ದೂ ಅವಳ ಸರ ಜಗ್ಗುತ್ತಲೇ ಇದ್ದ.

ನಸೀಮಾಬಿಯ ಕೈ ನಿಂತಿತು. "ಇನ್ನೊಮ್ಮೆ ಬಡೀಲೇನ ಬೇ?"

ಬಡಿದಳು. ಕೂಸು ತಿರುಗಲಿಲ್ಲ.

"ಹಲಗಿ ನಡಗಿದ್ದು ಗೊತ್ತಾಗ್ತದ ಅವಗ. ಸಪ್ಪಳಲ್ಲ," ಎಂದಳು ಮೆಲ್ಲಗೆ. "ನಿನ್ನ ಫೋನ್ ಹಲಗಿ ಮ್ಯಾಲ ಇಡು. ಸಪ್ಪಳ ಬಂದ್ ಮಾಡಿ, ನಡಗೂದಷ್ಟ ಇರಲಿ."

ಕೂಸನ್ನು ಕೂರಿಸಿ, ಹಿಂದೆ ಫೋನಿಟ್ಟು, ನಸೀಮಾಬಿ ತನ್ನ ಫೋನನ್ನು ಗದರಿ ಅದಕ್ಕೆ ಹಚ್ಚಿಸಿದಳು. ಹಲಗೆ ಗುರ್ ಎಂದದ್ದೇ ತಡ, ಸಿದ್ದೂ ತಿರುಗಿ ಫೋನಿನ ಮೇಲೆ ಅಂಗೈಯಿಟ್ಟು ಕೇಕೆ ಹಾಕಿದ. ಆಮೇಲೆ ನಡುಕ ತೆಗೆದು, ಸಪ್ಪಳ ಪೂರಾ ಏರಿಸಿ, ಮಹಾನಂದಾ ಫೋನನ್ನು ಅವನ ತಲೆಯ ಹಿಂದೆ ಕೈಯಲ್ಲೇ ಹಿಡಿದಳು. ನಸೀಮಾಬಿ ಮತ್ತೆ ಹಚ್ಚಿಸಿದಳು, ರಿಂಗು ಮನೆ ತುಂಬಿತು. ಕೂಸು ತನ್ನ ಕಾಲ್ಬೆರಳು ನೋಡುತ್ತಿತ್ತು.

"ಕಾಕಿ..." ಮಹಾನಂದಾಳ ದನಿ ಒಡೆಯಿತು.

"ಅಳಬ್ಯಾಡವಾ. ನನ್ನ ಪಂಜಾನ ನಮ್ಮನ್ನೆಲ್ಲಾ ಯಾಮಾರಿಸ್ತು. ನೀ ತಡಾ ಮಾಡಬ್ಯಾಡ."

ಆಕೆ ಸಿದ್ದೂನ ಅಂಗೈಯನ್ನು ತನ್ನ ಗಂಟಲ ಮೇಲಿಟ್ಟುಕೊಂಡು ಗುನುಗತೊಡಗಿದಳು. ಸಿದ್ದೂ ಕಣ್ಣರಳಿಸಿದ. ಮಹಾನಂದಾ ಕಣ್ಣೊರೆಸಿ ನಂಬರು ಒತ್ತಿದಳು.

"ಹಲೋ, ಕಿವಿ ಡಾಕ್ಟರ ದವಾಖಾನಿ ಏನ್ರಿ? ನನ್ನ ಮಗಗ ಕೇಳಸವಲ್ದರಿ. ನಾಳೆ ಮುಂಜಾನೆ ಕರಕೊಂಡ ಬರ್ಲೇನ್ರಿ?"