ಇದ್ದಿಲು, ಕಲ್ಲುಪ್ಪು ಮತ್ತು ಅಕ್ಕನ ಪರ್ಮಿಟ್

ಮೊನ್ನೆ ನಮ್ಮನೆ ಗೀಸರ್ ನೋಡಲು ಬಂದ ಹೊಸ ವೈರ್‌ಮನ್, ಹಿತ್ತಲಿನ ಅರ್ತಿಂಗ್ ಗುಂಡಿಯ ಮುಚ್ಚಳ ತೆಗೆದು ಒಂದು ಕೊಡ ನೀರು ಹೊಯ್ದ. ಬಿಸಿಲಿಗೆ ಎರಡೇ ದಿನದಲ್ಲಿ ಮತ್ತೆ ಒಣಗಿದ್ದ ಗುಂಡಿ ನೀರನ್ನೆಲ್ಲ ಕುಡಿದು, ಒದ್ದೆ ಇದ್ದಿಲಿನ ವಾಸನೆಯನ್ನು ಮೇಲಕ್ಕೆ ಬಿಟ್ಟಿತು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಅವನು ತನ್ನ ಮೀಟರ್ ಹಚ್ಚಿ ನೋಡಿ, "ಅರ್ತಿಂಗ್ ಗಟ್ಟಿ ಇದೆ ಅಮ್ಮ. ಯಾರು ಮಾಡಿದ್ದು?" ಎಂದು ಕೇಳಿದ.

ಎರಡು ಸಾವಿರನೇ ಇಸವಿಯ ಆಚೀಚೆ ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ ಇತ್ತು. ಪಕ್ಕದಲ್ಲೇ ಅಕ್ಕನ ಎಲೆಕ್ಟ್ರಿಕ್ ರಿಪೇರಿ ಅಂಗಡಿ. ನಡುವೆ ಹಲಗೆಯ ಗೋಡೆ, ಅಷ್ಟೆ. ರಕ್ತಸಂಬಂಧ ಏನೂ ಇಲ್ಲ, ಆದರೂ ಅವಳನ್ನು ಅಕ್ಕ ಎಂದೂ ಅವಳ ಗಂಡನನ್ನು ಭಾವ ಎಂದೂ ಕರೆಯುತ್ತಿದ್ದೆ. ಭಾವ ಸರ್ಕಾರದ ವೈರ್‌ಮನ್ ಪರ್ಮಿಟ್ ಇದ್ದ ಮನುಷ್ಯ. ಅದಕ್ಕೆ ಕಟ್ಟು ಹಾಕಿಸಿ ದೇವರ ಫೋಟೋದ ಪಕ್ಕ ತೂಗುಹಾಕಿದ್ದರು, ಊದಿನಕಡ್ಡಿಯ ಹೊಗೆ ಅದಕ್ಕೂ ಸಿಗುತ್ತಿತ್ತು. ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋದ ಮೇಲೆ ಕೆಲಸವೆಲ್ಲ ಅಕ್ಕನ ಪಾಲಿಗೆ ಬಂತು. ಅದಕ್ಕೂ ಮುಂಚೆಯೇ ಗೀಸರಿನ ಕಾಯಿಲ್ ಬದಲಿಸುವುದು, ಥರ್ಮೋಸ್ಟಾಟ್ ಸರಿಮಾಡುವುದು ಅವಳಿಗೆ ನೀರು ಕುಡಿದಷ್ಟು ಸಲೀಸಾಗಿತ್ತು.

ನಮ್ಮ ಕಡೆ ಬಚ್ಚಲಿನ ಹಂಡೆ ಒಲೆ ಆರಿ, ಮನೆಮನೆಗೂ ಗೀಸರ್ ಬರುತ್ತಿದ್ದ ಕಾಲ ಅದು. ಬಚ್ಚಲಮನೆ ರಿಪೇರಿಗೆ ಹೆಂಗಸೊಬ್ಬಳು ಬರುತ್ತಾಳೆಂದರೆ ಮನೆಯ ಹೆಂಗಸರಿಗೂ ನಿರಾಳ. ಶೃಂಗೇರಿಯಲ್ಲಂತೂ ಯಾತ್ರಿಕರು ಇಳಿದುಕೊಳ್ಳುವ ಲಾಡ್ಜುಗಳಿಗೆ ಬೆಳಗಿನ ಬಿಸಿನೀರೇ ಮರ್ಯಾದೆ. ಅಂಥದೊಂದು ಲಾಡ್ಜಿನ ಗೀಸರುಗಳನ್ನೆಲ್ಲ ಅಕ್ಕನೇ ನೋಡಿಕೊಳ್ಳುತ್ತಿದ್ದಳು. ಅಂಗಡಿಯ ಅನ್ನ ಅದರಿಂದಲೇ ಹುಟ್ಟುತ್ತಿತ್ತು ಎಂದರೂ ತಪ್ಪಿಲ್ಲ.

ಅಲ್ಲಿಗೆ ಹೊಸ ಮ್ಯಾನೇಜರ್ ಬಂದ. ಅಕ್ಕ ಚೀಲ ಬಿಚ್ಚುವ ಮೊದಲೇ ಪರ್ಮಿಟ್ ಯಾರ ಹೆಸರಲ್ಲಿದೆ ಎಂದು ಕೇಳಿದನಂತೆ. ಗಂಡನ ಹೆಸರಲ್ಲಿ ಎಂದಳಂತೆ ಇವಳು. "ಹಾಗಾದ್ರೆ ಪರ್ಮಿಟ್ ಇದ್ದವರು ಬರ್ಲಿ," ಎಂದು ಅವನು ಬಾಗಿಲಿಂದಲೇ ಕಳಿಸಿದ. ನನಗೆ ಮೈ ಉರಿದುಹೋಯಿತು, ಅವನನ್ನು ಬಾಯಿಗೆ ಬಂದಂತೆ ಬೈದೆ. ಅಕ್ಕ ಬೈಯಲಿಲ್ಲ. ಅವನು ಕೇಳಿದ್ದರಲ್ಲಿ ತಪ್ಪೇನಿದೆ, ಕರೆಂಟಿನ ಕೆಲಸ, ನಾನೇ ಪರೀಕ್ಷೆ ಕಟ್ಟುತ್ತೇನೆ ಎಂದಳು.

ಅವಳು ಎಸ್ಸೆಸ್ಸೆಲ್ಸಿ ಪಾಸಾಗಿ ಎಷ್ಟೋ ಕಾಲವಾಗಿತ್ತು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ನನ್ನ ಕತ್ತರಿಸುವ ಮೇಜಿನ ಮೇಲೆ, ನನ್ನದೇ ಸೀಮೆಸುಣ್ಣದಲ್ಲಿ ವೈರಿಂಗ್ ಚಿತ್ರ ಬರೆಯುತ್ತಿದ್ದಳು. ಹಲಗೆಯ ಆಚೆಯಿಂದ ಭಾವ ತೊದಲುತ್ತ ಪ್ರಶ್ನೆ ಹಾಕುವರು, ಈಚೆಯಿಂದ ಇವಳ ಉತ್ತರ. ನಾನು ಅವಳು ಬರೆದ ಫ್ಯೂಸು, ಸ್ವಿಚ್ಚುಗಳನ್ನೆಲ್ಲ ಒರೆಸಿ ರವಿಕೆ ಬಟ್ಟೆ ಹಾಸುತ್ತಿದ್ದೆ. ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಎಂದು ರೇಗಿಸಿದರೆ, ನಿನ್ನ ಕತ್ತರಿ ನೀನು ನೋಡ್ಕೋ ಎನ್ನುವಳು.

ಚಿಕ್ಕಮಗಳೂರಿನಲ್ಲಿ ಪರೀಕ್ಷೆ. ಬರೆಯುವುದು, ಕೈಕೆಲಸ, ಎರಡೂ ಚೆನ್ನಾಗಿಯೇ ಆಯಿತು. ಕೊನೆಯ ಬಾಯಿಪರೀಕ್ಷೆಯಲ್ಲಿ ಗೀಸರಿಗೆ ಅರ್ತ್ ಎಲ್ಲಿಂದ ಕೊಡುತ್ತೀರಿ ಎಂದು ಕೇಳಿದರಂತೆ. ನೀರಿನ ಪೈಪಿಗೆ ಕಟ್ಟುತ್ತೇವೆ ಎಂದಳು. ನಮ್ಮಲ್ಲಿ ಎಲ್ಲರೂ ಮಾಡುತ್ತಿದ್ದುದೇ ಅದು. ನೆಲದಲ್ಲಿ ಹೂತ ಕಬ್ಬಿಣದ ಪೈಪು ಇದ್ದಾಗ ಹೇಗೋ ನಡೆಯುತ್ತಿತ್ತು. ನಿಮ್ಮ ಕಡೆ ನೀರು ಯಾವ ಪೈಪಿನಲ್ಲಿ ಬರುತ್ತದೆ ಎಂದು ಅವರು ಮತ್ತೆ ಕೇಳಿದಾಗ, ಗುಡ್ಡದ ಅಬ್ಬಿಯಿಂದ ಕಪ್ಪು ಪ್ಲಾಸ್ಟಿಕ್ ಪೈಪಿನಲ್ಲಿ ಎನ್ನುತ್ತ ಅಕ್ಕ ಅರ್ಧಕ್ಕೇ ನಿಂತಳಂತೆ. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ. ಕೆಟ್ಟ ಗೀಸರಿನಿಂದ ಸೋರಿದ ಕರೆಂಟು ನೆಲಕ್ಕೆ ಇಳಿಯದೆ, ಗೋಡೆಯ ಕಬ್ಬಿಣದ ನಲ್ಲಿಯಲ್ಲೇ ಕಾಯುತ್ತ ಕೂರುತ್ತದೆ... ಅವಳು ಆ ಸಲ ಫೇಲಾದಳು.

ನಾನು ಸಮಾಧಾನ ಹೇಳಲು ಹೋದೆ. ಅವಳು ನನ್ನ ಸ್ಟೂಲಿನ ಮೇಲೆ ಕೂತು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಪರೀಕ್ಷೆ ಸಾಯ್ಲಿ ಮಾರಾಯ್ತಿ, ಮತ್ತೆ ಕಟ್ಬಹುದು. ನಾವು ಪೈಪಿಗೆ ಅರ್ತ್ ಕೊಟ್ಟ ಮನೆಗಳಿದಾವಲ್ಲ, ಅಲ್ಲಿ ಇವತ್ತೂ ಯಾರೋ ಸ್ನಾನ ಮಾಡ್ತಾ ಇರ್ತಾರೆ."

ಹಲಗೆಯ ಆಚೆಯಿಂದ ಭಾವನ ದನಿ ಬಂತು. "ಹೋಗಿ ಹೇಳ್ಬಿಡು. ನಾನೇ ಕಟ್ಟಿದ್ದು ಅಂತ್ಲೂ ಹೇಳು."

ಅವಳು ಹೋದಳು. ಆದರೆ ಯಾವ ಮನೆಯಲ್ಲೂ 'ಅವರು ಕಟ್ಟಿದ್ದು' ಎನ್ನಲಿಲ್ಲ. 'ನಾವು ಕಟ್ಟಿದ್ದು ತಪ್ಪಾಗಿದೆ' ಎಂದೇ ಶುರು ಮಾಡುತ್ತಿದ್ದಳು.

ಹತ್ತಿರದ ನಾರ್ವೆ ಎಂಬ ಹಳ್ಳಿಗೆ ಹೊರಟ ದಿನ ಅಂಗಡಿ ಮುಚ್ಚಿ ನಾನೂ ಜೊತೆಗೆ ಹೋದೆ. ಅಲ್ಲೊಬ್ಬರು ಅಜ್ಜಿ. ನಲ್ಲಿ ಮುಟ್ಟಿದರೆ ಕೈ ಜುಂ ಅನ್ನುತ್ತದಾ ಎಂದು ಅಕ್ಕ ಕೇಳಿದಳು.

"ಅನ್ನೂದೇ. ಎಂತ ಮಾಡೂದು, ವಾಯು ಅಲ್ದಾ," ಎಂದರು ಅಜ್ಜಿ. "ಎಣ್ಣೆ ತಿಕ್ಕಿ ತಿಕ್ಕಿ ಸಾಕಾಯ್ತು."

ಎಣ್ಣೆಯ ಶೀಸೆಯನ್ನೂ ತಂದು ತೋರಿಸಿದರು. ನನಗೆ ನಗು ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅಕ್ಕ ನಲ್ಲಿಗೆ ಟೆಸ್ಟರ್ ಇಟ್ಟಳು. ಅದರೊಳಗಿನ ಪುಟ್ಟ ದೀಪ ಕೆಂಪಗೆ ಉರಿಯಿತು. ಅಕ್ಕ ಮೇನ್ ಸ್ವಿಚ್ ಇಳಿಸಿ ಬಂದು ಬಚ್ಚಲಿನ ಹೊಸ್ತಿಲ ಮೇಲೆ ಕೂತಳು.

ಆಮೇಲೆ ಗೀಸರಿನ ಕೆಟ್ಟ ಕಾಯಿಲ್ ಬದಲಿಸಿದಳು. ಸೀರೆ ಎತ್ತಿ ಕಟ್ಟಿ ಹಿತ್ತಲಲ್ಲಿ ಗುಂಡಿ ತೋಡಿಸಿದಳು. ಅದರಲ್ಲಿ ಕಬ್ಬಿಣದ ಪೈಪು ನಿಲ್ಲಿಸಿ, ಗೀಸರಿನ ಅರ್ತ್ ತಂತಿಯನ್ನು ಅದಕ್ಕೆ ಕಟ್ಟಿ, ಸುತ್ತ ಅಜ್ಜಿಯದೇ ಹಳೆಯ ಹಂಡೆ ಒಲೆಯ ಇದ್ದಿಲು, ಮೇಲೆ ಕಲ್ಲುಪ್ಪು, ಮತ್ತೆ ಇದ್ದಿಲು. ಒಳ್ಳೇ ಉಪ್ಪನ್ನು ಮಣ್ಣಿಗೆ ಹಾಕುತ್ತಾರಲ್ಲ ಎಂದು ಅಜ್ಜಿ ಗೊಣಗಿದರು. ಬೇಸಿಗೆಯಲ್ಲಿ ತುಳಸಿಗೆ ನೀರು ಹಾಕುವಾಗ ಇದಕ್ಕೂ ಒಂದು ಕೊಡ ಹಾಕಬೇಕು, ನೆಲ ಹಸಿ ಇದ್ದರೇ ಇದು ಕೆಲಸ ಮಾಡುವುದು ಎಂದು ಅಕ್ಕ ಅವರಿಂದ ಭಾಷೆ ತೆಗೆದುಕೊಂಡಳು. ಮುಂದೆ ಅಜ್ಜಿಯ ವಾಯು ಎಣ್ಣೆಯಿಲ್ಲದೆ ವಾಸಿಯಾಯಿತು.

ಎಲ್ಲರೂ ಆ ಅಜ್ಜಿಯಂತಿರಲಿಲ್ಲ. ಹರಿಹರಪುರದ ಒಂದು ಮನೆಯವರು, ಇಷ್ಟು ದಿನ ನಮ್ಮ ಜೀವದ ಜೊತೆ ಆಟ ಆಡಿದಿರಾ ಎಂದು ಕೂಗಾಡಿ, ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡಳು ಎಂದು ಪೇಟೆಯಲ್ಲಿ ಆಡಿಕೊಂಡರು. ಕೆಲವು ತಿಂಗಳು ಅವಳ ಅಂಗಡಿಗೆ ನೊಣವೂ ಬರಲಿಲ್ಲ. ಲಾಡ್ಜಂತೂ ಮೊದಲೇ ಕೈಬಿಟ್ಟಿತ್ತು. ಅವಳು ಕಂಗೆಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಗೆಟ್ಟೇ ಒಂದೊಂದು ಮನೆಗೂ ಹೋಗಿಬಂದಳು. ಕೊನೆಯ ಗುಂಡಿ ಮುಚ್ಚಿದ ಮೇಲೆಯೇ ಮತ್ತೆ ಪರೀಕ್ಷೆಗೆ ಕಟ್ಟಿದಳು. ಈ ಸಲ ಪಾಸಾದಳು.

ಪರ್ಮಿಟ್ ಬಂದ ದಿನ ಭಾವ ತಮ್ಮದನ್ನು ಇಳಿಸಿ ಆ ಮೊಳೆಗೇ ಇವಳದನ್ನು ಹಾಕು ಎಂದರು. ಅವಳು ಒಪ್ಪಲಿಲ್ಲ, ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದಳು. ನಾನು ಅವಳಿಗೆಂದು ಸೀರೆಯ ಮೇಲೆ ತೊಡುವ ಖಾಕಿ ಕೋಟು ಹೊಲಿದೆ. ಟೆಸ್ಟರಿಗೊಂದು ಜೇಬು, ಕಟಿಂಗ್ ಪ್ಲೇಯರಿಗೊಂದು, ಎದೆಯ ಹತ್ತಿರ ಪರ್ಮಿಟ್ ಇಡಲು ಒಂದು. ಎಷ್ಟೋ ಮದುವೆಗಳಿಗೆ ರವಿಕೆ ಹೊಲಿದಿದ್ದೇನೆ. ಆದರೆ ನೀನು ಹೊಲಿದದ್ದರಲ್ಲಿ ಯಾವುದು ಚೆಂದ ಎಂದು ಕೇಳಿದರೆ ಆ ಕೋಟನ್ನೇ ಹೇಳುತ್ತೇನೆ. ಅದನ್ನು ತೊಟ್ಟು ಅವಳು ಶೃಂಗೇರಿ ಬಸ್ಸು ಹತ್ತಿದಾಗ ನನ್ನ ಎದೆ ಇಷ್ಟಗಲ ಉಬ್ಬಿತ್ತು. ಮ್ಯಾನೇಜರ್ ಪರ್ಮಿಟ್ ಓದಿ ಒಳಗೆ ಬಿಟ್ಟನಂತೆ. ಇವಳು ಯಾವ ಗೀಸರನ್ನೂ ಮುಟ್ಟದೆ, ಮೊದಲು ಅರ್ತಿಂಗ್ ಗುಂಡಿ ತೋರಿಸಿ ಎಂದಳಂತೆ. ಆಮೇಲೆ ನರಸಿಂಹರಾಜಪುರದಿಂದಲೂ ಅವಳಿಗೆ ಕರೆ ಬರತೊಡಗಿತು. ಆಡಿಕೊಂಡವರೇ 'ತನ್ನ ತಪ್ಪು ತಾನೇ ಬಂದು ಹೇಳೋಳು' ಎಂದು ಅವಳ ಹೆಸರು ಹೇಳಿ ಕಳಿಸುತ್ತಿದ್ದರು.

ಭಾವ ಹೋದರು. ಕೆಲವು ವರ್ಷಗಳ ನಂತರ ಅಕ್ಕನೂ... ಅವಳ ಅಂಗಡಿಯಲ್ಲಿ ಈಗ ಮೊಬೈಲ್ ಮಾರುತ್ತಾರೆ. ಎರಡು ಮೊಳೆಗಳು ಗೋಡೆಯಲ್ಲಿ ಇನ್ನೂ ಇದ್ದಾವೋ ಏನೋ, ಹೋಗಿ ನೋಡುವ ಧೈರ್ಯ ನನಗಿಲ್ಲ. ಅವಳೇ ತೋಡಿಸಿದ ನನ್ನ ಮನೆಯ ಈ ಗುಂಡಿಗೆ ಮಾತ್ರ ಪ್ರತಿ ಬೇಸಿಗೆ ತಪ್ಪದೆ ನೀರು ಹಾಕುತ್ತ ಬಂದಿದ್ದೇನೆ.

ವೈರ್‌ಮನ್ ಉತ್ತರಕ್ಕೆ ಕಾಯುತ್ತಲೇ ಇದ್ದ. ಕಣ್ಣೊರೆಸಿಕೊಂಡು ಎದ್ದೆ.

"ಪರ್ಮಿಟ್ ಇದ್ದವರು ಮಾಡಿದ್ದಪ್ಪ," ಎಂದೆ.