ಮುಹೂರ್ತವಿಲ್ಲದ ಜಾವಳ

ಸವದತ್ತಿಯ ಯಮುನಾಬಾಯಿಯವರ ಮನೆಯಲ್ಲಿ ಮುಹೂರ್ತ ನೋಡದೆ ಉಪ್ಪಿನಕಾಯಿಯನ್ನೂ ಹಾಕುವಂತಿಲ್ಲ. ಅಂಥಲ್ಲಿ ಒಂದು ದಿನ, ಸಾಕಿದ ಲವ್‌ಬರ್ಡ್ಸ್ ಮರಿಯ ತಲೆ ಬೋಳಾಯಿತು.

"ನನ್ನ ಕೇಳದ ಯಾರು ಇದರ ಜಾವಳಾ ತೆಗದ್ರು?" ಎಂದು, ಕೂಸಿನ ಹುಟ್ಟುಗೂದಲನ್ನೇ ಯಾರೋ ಬೋಳಿಸಿದಂತೆ ಯಮುನಾಬಾಯಿ ಗದರಿದರು.

ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಮಂದಿಯೆಲ್ಲ ಕೆಮ್ಮಿದರು, ಘಾಟು ಎದ್ದರೆ ದೃಷ್ಟಿ ತಗುಲಿಲ್ಲವೆಂದೇ ಲೆಕ್ಕ. ಮರುದಿನ ಪಂಜರದೆದುರು ಕಾದು ಕುಳಿತಾಗ ಕಳ್ಳಿ ಸಿಕ್ಕಳು. ತಾಯಿಹಕ್ಕಿಯೇ ಮರಿಯ ಪುಕ್ಕ ಕೀಳುತ್ತಿತ್ತು.

"ಮತ್ತ ತತ್ತಿ ಇಡೂ ಅವಸರ ಅದಕ್ಕ, ಮರೀನ ಗೂಡಿನಿಂದ ಹೊರಗ ಹಾಕಲಿಕ್ಕೆ ಪುಕ್ಕ ಕೀಳತದ. ಮರಿ ಕಾಳು ತಿನ್ನಲಿಕ್ಕೆ ಕಲ್ತದ, ಬ್ಯಾರೆ ಪಂಜರದಾಗ ಇಡ್ರಿ," ಎಂದರು ಕರೆಸಿದ ದನದ ಡಾಕ್ಟರು.

"ಹೆತ್ತ ತಾಯಿ ಅಂತ! ಕೂಸಿನ ತಲಿ ಹಿಂಗ ಬೋಳಸ್ತಾರೇನ?" ಎಂದು ಹಕ್ಕಿಯನ್ನು ಬೈಯುತ್ತಲೇ ಯಮುನಾಬಾಯಿ, ನಲವತ್ತು ದಾಟಿದ ಮಗ ಭರತನ ತಲೆಗೆ ಎಂದಿನಂತೆ ಗಸಗಸ ಎಣ್ಣೆ ತಿಕ್ಕಿದರು.

ತಾಯಿಯ ಅಂಗೈಗೆ ಅಂಟಿದ ಕೂದಲನ್ನು ನೋಡಿ ಭರತನೆಂದ: "ಅಮ್ಮಾ, ಪಂಜರ ಎರಡು ತರತೇನಿ. ನನಗೂ ಒಂದಿರಲಿ."